ಒಂದೂವರೆ ಇಂಚು

ರೂವಿಯ ಗಲ್ಲಿಯಲ್ಲಿ, ಮನಿ ಎಕ್ಸ್‌ಚೇಂಜಿನ ಹಿಂದೆ
ಏಸಿಯ ನೀರು ತೊಟ್ಟಿಕ್ಕುವ ಬಾಗಿಲು ನನ್ನದು.
ನನ್ನದೆಂದರೆ, ಬೋರ್ಡು ಅರಬಾಬರದ್ದು,
ಮೆಷಿನು ನನ್ನದು, ಟೇಪು ನನ್ನದು.
ಟೇಪಿನ ತುದಿಯ ಒಂದಿಂಚು ಸವೆದುಹೋಗಿದೆ;
ಒಂದರಿಂದ ಹಿಡಿದು ಕೊನೆಗೆ ಒಂದು ಕಳೆಯುತ್ತೇನೆ.
ನನ್ನ ಅಂಗಡಿಯಲ್ಲಿ ಸುಲಭವಾಗಿ ಇಳಿಯುವುದು
ಅಷ್ಟು ಮಾತ್ರ.

ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ ಎಲ್ಲರೂ.
ನಾನು ಕೇಳುತ್ತೇನೆ: ಊರಿಗೆ ಯಾವಾಗ?
ಉತ್ತರಕ್ಕೆ ಉಸಿರು ಬೇಕಲ್ಲ,
ಆಗ ಓದಿಕೊಳ್ಳುತ್ತೇನೆ ಅಂಕಿ.

ಕ್ರೇನಿನ ಸಂಜೀವ ಅಮೀನರು ಅನ್ನ ಬಿಟ್ಟರು.
ಅನ್ನವೇ ಶತ್ರು ಮಾರಾಯ, ಎಂದು
ಕುಚ್ಚಲಕ್ಕಿಯ ಚೀಲ ರೂಮಿನವರಿಗೆ ಹಂಚಿ
ಖುಬೂಸ್ ತಿಂದರು. ಒಂದಲ್ಲ, ನಾಲ್ಕು.
ಮೇಲೊಂದು ಕರಕ್ ಚಾ, ಸಕ್ಕರೆ ಮುಂದೆ.
ಮೂವತ್ತೊಂಬತ್ತು, ಮೂವತ್ತೊಂಬತ್ತಾಗಿಯೇ ಕೂತಿತು.

ಜುಲೇಖಾ ಬಾಯಿಗೆ ಬಿಸಿನೀರು, ಲಿಂಬೆ, ಜೇನು.
ಕೊಬ್ಬು ಕರಗುತ್ತದಂತೆ.
ಬಿಸಿಗೆ ಕರಗುವುದೇ ಆದರೆ
ಜುಲೈ ತಿಂಗಳ ಮಸ್ಕತ್ತಿನಲ್ಲಿ ನಾವೆಲ್ಲ
ಎಂದೋ ಎಣ್ಣೆಯಾಗಿ
ವಾದಿಯಲ್ಲಿ ಹರಿದುಹೋಗಬೇಕಿತ್ತು.

ಗಾಡ್ವಿನ್ ಪ್ಲಾಸ್ಟಿಕ್ ಬೆಲ್ಟು ಬಿಗಿದು ಓಡಿದ.
ಒಂದು ಕಿಲೋ ಹೋಯಿತೆಂದು ಕುಣಿದ.
ಹೋದದ್ದು ಬೆವರು. ಅಂಗಡಿಯ ಮೆಟ್ಟಿಲಲ್ಲೇ ಕೂತು
ನೂರು ಬೈಸೆಯ ನೀರಿನ ಬಾಟಲಿಯಲ್ಲಿ
ವಾಪಸು ಕುಡಿದ.

ನಿಜವಾಗಿ ಇಳಿದವನು ವ್ಯಾನಿನ ಇಮ್ತಿಯಾಜ್.
ಇಶಾ ನಮಾಜು ಮುಗಿದ ಮೇಲೆ
ಮತ್ರಾದ ಕಡಲಗುಂಟ ನಡೆದ, ದಿನವೂ,
ಪೆಪ್ಸಿ ಬಿಟ್ಟ, ತಟ್ಟೆ ಸಣ್ಣದು ಮಾಡಿದ,
ಬಿರಿಯಾನಿ ಇದ್ದ ದಿನ ಬಿರಿಯಾನಿಯನ್ನೂ ತಿಂದ.
ಹದಿನಾಲ್ಕು ತಿಂಗಳು. ಎರಡಿಂಚು.
ಏನು ಮಾಡಿದೆ ಎಂದು ಯಾರೂ ಕೂರಿಸಿ ಕೇಳಲಿಲ್ಲ.
ಹೇಳಲು ಅವನಲ್ಲಿ ಕತೆಯೇ ಇರಲಿಲ್ಲ.

ಕತೆ ಇದ್ದದ್ದು ಜಾರಪ್ಪಣ್ಣನಲ್ಲಿ.
ನಾಲ್ಕು ತಿಂಗಳಲ್ಲಿ ನಾಲ್ಕಿಂಚು!
ಚಾದಂಗಡಿಯಲ್ಲಿ ಮುತ್ತಿಕೊಂಡರು ಎಲ್ಲರೂ.
ಸಂಜೆ ಆರರ ಮೇಲೆ ಏನೂ ಮುಟ್ಟುವುದಿಲ್ಲ,
ಎಂದರು ಅವರು, ಗ್ಲಾಸಿನೊಳಗೆ ನೋಡುತ್ತ.
ಅಮೀನರು ಅಂದೇ ರಾತ್ರಿ ಊಟ ಬಿಟ್ಟರು.
ಗಾಡ್ವಿನ್ ಮೊಬೈಲಿನಲ್ಲಿ ಆರು ಗಂಟೆಗೆ ಅಲಾರಾಂ ಇಟ್ಟ.

ಮರುದಿನ ನನ್ನ ಅಂಗಡಿಗೆ ಬಂದರು ಜಾರಪ್ಪಣ್ಣ.
ಕಬ್ಬಿಣ ಕಟ್ಟುವ ತಂತಿಯನ್ನೇ
ಸೊಂಟಕ್ಕೆ ಬಿಗಿದುಕೊಂಡಿದ್ದರು.
ನಾಳೆ ಲೇಬರ್ ಆಫೀಸಿಗೆ ಹೋಗಲಿಕ್ಕುಂಟು,
ಪ್ಯಾಂಟು ನಿಲ್ಲುವುದಿಲ್ಲ, ಸ್ವಲ್ಪ ಹಿಡಿದುಕೊಡು.
ನಾನು ಟೇಪು ಸುತ್ತಿದೆ. ಅವರೊಬ್ಬರೇ
ಹೊಟ್ಟೆ ಒಳಗೆಳೆಯಲಿಲ್ಲ.
ಎಳೆಯಲು ಏನೂ ಇರಲಿಲ್ಲ.

ಸಂಬಳ?
ನಾಲ್ಕು ತಿಂಗಳಾಯಿತು.
ತಿಂಗಳಿಗೊಂದಿಂಚು. ಟೇಪು ಸರಿಯಾಗಿಯೇ ಲೆಕ್ಕ ಇಟ್ಟಿತ್ತು.
ಸಂಜೆ ಆರರ ಮೇಲೆ ಮುಟ್ಟುವುದಿಲ್ಲ ಎಂದರಲ್ಲ,
ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಹೊಸಬರಿಗೆ ನಾನು ಕಲಿಸುವ ಪಾಠ ಒಂದೇ:
ಸೊಂಟ ಇಳಿದಿದೆಯೆಂದು ಬಟ್ಟೆ ಕತ್ತರಿಸಬೇಡ.
ಅವಸರದಲ್ಲಿ ಹೋದದ್ದು
ಮುಂದಿನ ಈದಿನೊಳಗೆ ತಿರುಗಿ ಬರುತ್ತದೆ,
ಬರುವಾಗ ನೆಂಟರನ್ನೂ ಕರೆದುಕೊಂಡು.
ಒಳಗೆ ಒಂದೂವರೆ ಇಂಚು ಬಿಟ್ಟಿರಬೇಕು.

ಜಾರಪ್ಪಣ್ಣನಿಗೆ ನಾಲ್ಕಿಂಚನ್ನೂ ಬಿಟ್ಟೆ.
ಎಲ್ಲ ಒಳಗೆ ಮಡಿಸಿ ಹೊಲಿದಾಗ
ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ತಾಗಿದವು.
ಎರಡೂ ಖಾಲಿಯೇ ಅಲ್ಲವಾ, ತೊಂದರೆಯಿಲ್ಲ,
ಎಂದು ನಕ್ಕರು.

ಐನೂರು ಬೈಸೆ ಮುಂದಿನ ತಿಂಗಳು ಕೊಟ್ಟರೆ ಆದೀತಾ?
ದೊಡ್ಡ ಹೊಲಿಗೆ ಹಾಕಿದ್ದೇನೆ, ಎಂದೆ,
ಒಂದು ನೂಲೆಳೆದರೆ ಬಿಚ್ಚುತ್ತದೆ.
ಸಂಬಳ ಬಂದು, ನಾಲ್ಕು ದಿನ ರಾತ್ರಿ ಉಂಡು, ಆಮೇಲೆ ಬನ್ನಿ.
ಬಿಚ್ಚಿದ್ದಕ್ಕೆ ನಾನು ಕೂಲಿ ತೆಗೆದುಕೊಳ್ಳುವುದಿಲ್ಲ.