ಬಟಾಟೆಯ ಡಬ್ಬಿ

ನೀಲಿ ತಗಡಿನ ಡಬ್ಬಿ. ಒಂದು ಕಾಲಕ್ಕೆ ಬಿಸ್ಕತ್ತು,
ಆಮೇಲೆ ಸೂಜಿ ದಾರ ಗುಂಡಿ,
ಈಗ ನಾಯಿಯ ಆಪತ್ತು.

ಹತ್ತಿ. ಬಿಳಿ ಪಟ್ಟಿಯ ಎರಡು ಸುರುಳಿ.
ಮೊಂಡು ಮೂತಿಯ ಕತ್ತರಿ. ಚಿಮಟ.
ಕೆಂಪು ದಾರ ಕಟ್ಟಿದ ಥರ್ಮಾಮೀಟರು.
ದಾರ ಯಾಕೆಂದರೆ, ಅದು ಹೋಗುವ ಜಾಗವೇ ಬೇರೆ;
ಜ್ವರ ಬಂದ ನನ್ನ ಗಂಡ ಕತ್ತಲಲ್ಲಿ ತಡಕಾಡಿ
ನಾಲಿಗೆಯಡಿ ಇಟ್ಟುಕೊಳ್ಳಬಾರದಲ್ಲ.

ಮತ್ತೆ, ಮಗನ ಶಾಲೆಯ ಟೈ.
ಗಂಟು ಹಾಕಲು ಬಾರದೆ ಅಳುತ್ತಿದ್ದನಲ್ಲ, ಅದೇ.
ಹೋದ ವರ್ಷ ಗಣಪತಿ ಬಿಟ್ಟ ರಾತ್ರಿ
ಬಟಾಟೆಯ ಮೂತಿಗೆ ಎರಡು ಸುತ್ತು ಸುತ್ತಿದ್ದೆ.
ಪಾದದಲ್ಲಿ ಬಾಟಲಿಯ ಚೂರು.
ಏಳು ವರ್ಷ ನನ್ನ ಕೈಯ ಅನ್ನ ತಿಂದವ
ಆ ಹೊತ್ತು ಅದೇ ಕೈಗೆ ಹಲ್ಲು ತೋರಿಸಿದ.
ತಪ್ಪು ಅವನದಲ್ಲ.
ನೋವಿಗೆ ನೆಂಟಸ್ತಿಕೆ ಗೊತ್ತಿಲ್ಲ.

ಚೆಂಬೂರು ಸ್ಟೇಷನ್ನಿನ ವಡಾಪಾವ್ ಗಾಡಿಯ ಕೆಳಗೆ
ಉದುರಿದ ಆಲೂಗಡ್ಡೆ ಕಾಯುತ್ತ ಸಿಕ್ಕವನು.
ಬಿದ್ದದ್ದೆಲ್ಲ ತನ್ನದೇ ಎಂಬ ನಂಬಿಕೆ
ಏಳನೇ ಮಹಡಿಗೆ ಬಂದರೂ ಬಿಡಲಿಲ್ಲ.

ಹಾಗಾಗಿ ಆ ಮಂಗಳವಾರ, ರಾತ್ರಿ ಹತ್ತೂವರೆ,
ಲಿಫ್ಟು ಕೆಟ್ಟಿತ್ತು, ಹಗ್ಗ ಬಿಚ್ಚಿ ಅರೆ ನಿಮಿಷ ಆಗಿರಲಿಲ್ಲ,
ಮೀಟರು ಪೆಟ್ಟಿಗೆಯ ಹಿಂದಿನಿಂದ
ಹಸಿರು ತುಟಿ ನೆಕ್ಕುತ್ತ ಬಂದ.
ಇಲಿಗೆಂದು ಇಟ್ಟ ಬಿಲ್ಲೆ.

ಎತ್ತಿಕೊಂಡು ಮೇಲೆ ಓಡಿದೆ. ಡಬ್ಬಿ ತೆರೆದೆ.
ಮೂರು ವರ್ಷ ಒಂದೊಂದಾಗಿ ಕೂಡಿಟ್ಟದ್ದು.
ಹತ್ತಿ ನನ್ನನ್ನು ನೋಡಿತು, ನಾನು ಹತ್ತಿಯನ್ನು.
ಕಟ್ಟಲು ಗಾಯವೇ ಇಲ್ಲ.
ಬಾಲ ಬೇರೆ ಆಡಿಸುತ್ತಿದ್ದಾನೆ.

ಬಾಗಿಲುಗಳು ತೆರೆದವು. ಹಂಸಾಬೆನ್: ಹಾಲು ಕುಡಿಸು.
ಎದುರುಮನೆಯ ಅಜ್ಜ: ಉಪ್ಪುನೀರು, ಒಂದು ಲೋಟ, ಸೀದಾ ಗಂಟಲಿಗೆ.
ಯಾರೋ ತುಪ್ಪ ಅಂದರು, ಯಾರೋ ದೇವರು.

ಮುಚ್ಚಳದ ಒಳಬದಿಗೆ ಅಂಟಿಸಿದ್ದ ಚೀಟಿ:
ಡಾಕ್ಟರ್ ಫುರ್ಟಾಡೊ, ಹಗಲಿನ ನಂಬರು, ಇರುಳಿನ ನಂಬರು.
ಮೂರನೇ ರಿಂಗಿಗೆ ನಿದ್ದೆಗಣ್ಣಿನ ದನಿ.
"ಎಷ್ಟು ತಿಂದ? ಯಾವಾಗ? ತೂಕ ಎಷ್ಟು?
ಹಾಲು ಬೇಡ, ಉಪ್ಪಂತೂ ಬೇಡವೇ ಬೇಡ. ಹೊರಡಿ.
ವಿಷದ ಪೊಟ್ಟಣ ತನ್ನಿ, ನನಗೆ ಅದರ ಹೆಸರು ಬೇಕು."

ಹೆಸರು ಗೊತ್ತಿದ್ದದ್ದು ಒಬ್ಬರಿಗೇ.
ಸೊಸೈಟಿಯ ಕಾರ್ಯದರ್ಶಿ ತಾವಡೆ,
ಬಟಾಟೆಯ ಮೇಲೆ ನಾಲ್ಕು ಪತ್ರ ಬರೆದವರು:
ಲಿಫ್ಟಿನಲ್ಲಿ ಕೂದಲು, ಮಧ್ಯಾಹ್ನದ ಬೊಗಳು, ಇತ್ಯಾದಿ.
ಬನಿಯನ್ನಿನಲ್ಲೇ ಬಾಗಿಲು ತೆರೆದರು. "ಕಾಯ್ ಝಾಲಾ?"
ಹೇಳಿದೆ.
ಮುಖದ ಬಣ್ಣ ಇಳಿಯಿತು.
ಬರಿಗಾಲಲ್ಲಿ ತಾರಸಿಯ ಕೋಣೆಗೆ ಓಡಿದರು,
ಹರಿದ ಪೊಟ್ಟಣ ಹಿಡಿದು ಅಷ್ಟೂ ಮೆಟ್ಟಿಲು ಇಳಿದು
ರಿಕ್ಷಾದಲ್ಲಿ ನನ್ನ ಪಕ್ಕ ಕೂತರು.

ನಾಯಿ ಕಂಡು ರಿಕ್ಷಾದವ ತಲೆಯಾಡಿಸಿದ.
ತಾವಡೆ ಕಾರ್ಯದರ್ಶಿಯ ದನಿಯಲ್ಲಿ ಏನೋ ಅಂದರು. ಹೊರಟ.
ದಾರಿಯುದ್ದಕ್ಕೂ ಮೊಬೈಲಿನ ಬೆಳಕು ಹಿಡಿದು
ಪೊಟ್ಟಣದ ಇರುವೆಯಕ್ಷರ ಗಟ್ಟಿಯಾಗಿ ಓದಿದರು,
ಪರೀಕ್ಷೆಗೆ ಹೊರಟ ಹುಡುಗನ ಹಾಗೆ, ಮತ್ತೆ ಮತ್ತೆ.
ಬಟಾಟೆ ಅವರ ಮೊಣಕಾಲಿಗೆ ಗದ್ದ ಊರಿದ.
ಪೈಜಾಮಕ್ಕೆ ಹಸಿರು ಮೆತ್ತಿತು.

ವಾಂತಿ. ಚುಚ್ಚುಮದ್ದು. ನಾಲ್ಕು ವಾರ ಮಾತ್ರೆ.
ಬದುಕಿದ. ಬಿದ್ದದ್ದನ್ನು ತಿನ್ನುವುದು ಬಿಟ್ಟಿಲ್ಲ.

ಮುಂದಿನ ತಿಂಗಳು ತಾವಡೆಯವರ ಐದನೇ ಪತ್ರ:
ಮೆಟ್ಟಿಲಲ್ಲಿ ಕೂದಲು.
ಜೊತೆಗೆ ಇನ್ನೊಂದು ಹಾಳೆ, ಅವರದೇ ಅಕ್ಷರ,
ಇಲಿಮದ್ದಿನ ಹೆಸರು, ಇಟ್ಟ ಜಾಗ, ಇಟ್ಟ ತಾರೀಖು.

ಪತ್ರಕ್ಕೆ ಇನ್ನೂ ಉತ್ತರ ಬರೆದಿಲ್ಲ.
ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಥರ್ಮಾಮೀಟರಿನ ಪಕ್ಕ ಇಟ್ಟಿದ್ದೇನೆ.