ಹಕಾರ ಲೋಪ

ಬೆಳಿಗ್ಗೆ ಐದೂವರೆಗೆ ನಾನು ಬರೆಯುವವಳು.
ಒಂದು ಗ್ರಹಕ್ಕೆ ಎರಡು ಚಂದ್ರರನ್ನು ಕಟ್ಟಿ
ಇಬ್ಬರ ಹುಣ್ಣಿಮೆಯೂ ಒಂದೇ ದಿನ ಬೀಳದ ಹಾಗೆ
ಹಳೇ ರಸೀದಿಯ ಬೆನ್ನಲ್ಲಿ ಪಂಚಾಂಗ ಗುಣಿಸುತ್ತಿರುವಾಗ
ನಲ್ಲಿ ಬರುತ್ತದೆ.
ಬಿಂದಿಗೆ ತುಂಬುವ ಹೊತ್ತಿಗೆ ಒಂದು ಚಂದ್ರ ಮರೆತಿರುತ್ತದೆ.

ಎಂಟರ ಮೇಲೆ ಪ್ರಕಾಶಕಿ.
ಅಂಟು ಹಾಕಿದ ಲಕೋಟೆಗಳ ಮೇಲೆ ಇಡ್ಲಿ ಪಾತ್ರೆ ಹೇರಿ,
ಒಣಗಿದವನ್ನು ಹೊತ್ತು ಅಂಚೆ ಕಚೇರಿಗೆ.
ಕೌಂಟರಿನಲ್ಲಿ ಪುಷ್ಪಲತಾ ತೂಗುತ್ತಾ ಕೇಳುತ್ತಾಳೆ:
ಏನಿದೆ ಒಳಗೆ?
ಪುಸ್ತಕ.
ಎಂಥಾದ್ದು?
ಮುಂದೆ ಆಗೋದರ ಬಗ್ಗೆ.
ಓ, ಜಾತಕವಾ?
ಹೌದೆಂದಿದ್ದರೆ ಒಂದು ಪ್ರತಿ ಖರ್ಚಾಗುತ್ತಿತ್ತು.

ಖರ್ಚಾಗದವು ದೊಡ್ಡಪ್ಪನ ಆಲೂಗಡ್ಡೆ ಮಂಡಿಯಲ್ಲಿವೆ,
ಮೂಟೆಗಳ ಹಿಂದೆ, ಮುನ್ನೂರ ಎಂಬತ್ತು.
ಹೋದ ಬಿತ್ತನೆಯ ಕಾಲಕ್ಕೆ ಗೆಡ್ಡೆಯೊಂದು ಮೊಳೆತು
ಕಟ್ಟಿನೊಳಗೆ ಬಿಳಿ ಬೆರಳು ತೂರಿಸಿ
ನಲವತ್ತೊಂದನೇ ಪುಟ ಬಿಡಿಸಿ ಹಿಡಿದಿತ್ತು.
ಅಷ್ಟು ಶ್ರದ್ಧೆಯ ಓದುಗರು ಆಮೇಲೆ ಸಿಕ್ಕಿಲ್ಲ.

ಇದೆಲ್ಲ ಕಲ್ಪನೆಯಾ, ಎಂದು ಕೇಳುತ್ತಾರೆ ಊರಿನವರು.
ಸಾಲಗಾಮೆ ರಸ್ತೆಯ ಬೇಲಿಯಾಚೆ ಯಾರೋ ಕೂತು
ಆಕಾಶದಲ್ಲಿರುವ ಪೆಟ್ಟಿಗೆಗೆ
ತುಸು ಎಡಕ್ಕೆ ತಿರುಗು ಅನ್ನುವ ಊರು.
ಗುಡಿಯ ಕತ್ತಲಲ್ಲಿ ಸೊಸೆ ಕಲ್ಲು
ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಸರಿದು ಸರಿದು
ದೇವಿಯ ಪಾದ ಮುಟ್ಟಿದ ದಿನ
ಕಲಿಯುಗ ಮುಗಿಯುತ್ತದೆಂದು ನಂಬಿದ ಊರು.
ಕಲ್ಪಿಸಲು ನನಗೇನು ಉಳಿಸಿದ್ದೀರಿ?

ಪೆನ್ಷನ್ ಮೊಹಲ್ಲಾದ ಖಲಂದರನ ಪ್ರೆಸ್ಸಿನಲ್ಲಿ
ನನ್ನ ಫಾರಂಗಳೂ ಹಾಗೇ ಸರಿಯುತ್ತವೆ.
ಮದುವೆ ಕಾರ್ಡು ಮುಗೀಲಿ ಮೇಡಂ, ಅನ್ನುತ್ತಾನೆ.
ಯುಗವಾ, ಸೀಸನ್ನಾ, ಕೇಳುವುದಿಲ್ಲ ನಾನು.

ಈ ಸಲದ ಸಂಕಲನಕ್ಕೆ ದುದ್ದದಿಂದೊಂದು ಕಥೆ ಬಂತು.
ಬಸ್ ಡಿಪೋದಲ್ಲಿ ಟೈರು ಬದಲಿಸುವ ಜವರಪ್ಪ,
ಹಾಳಾದ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ.
ಐನೂರು ವರ್ಷದಾಚೆ, ಬೆಳಕನ್ನು ಲೀಟರಿನಲ್ಲಿ ಅಳೆದು
ಊರೂರಿಗೆ ಸಾಗಿಸುವ ಬಸ್ಸು.
ಓದುತ್ತಾ ನನ್ನ ಕಾಫಿ ಕೆನೆಗಟ್ಟಿತು.
ಆದರೆ ಅದರೊಳಗೆ ಊವು, ಆದಿ, ಅಗಲು, ಅಸಿವು.
ಕೆಂಪು ಪೆನ್ನಿನಿಂದ ಇನ್ನೂರ ಹನ್ನೆರಡು ಹಕಾರ ತುಂಬಿ
ಕರಡು ಕಳಿಸಿದೆ.

ಫೋನು ಬಂತು.
ಮೇಡಮ್ಮೋರೆ, ಒಂದು ಮಾತು ಏಳ್ತೀನಿ, ಬೇಜಾರು ಬ್ಯಾಡ.
ಅದು ತಪ್ಪಲ್ಲ.
ಆ ಕಾಲಕ್ಕೆ ಆ ಅಕ್ಸರ ಇರಾಕಿಲ್ಲ.
ನಾವು ಈಗ್ಲೇ ಬುಟ್ಟಿದೀವಿ.
ನಿಮಗಿನ್ನೂ ಟೈಮೈತೆ.

ಫೋನಿಟ್ಟ ಮೇಲೆ ಎಷ್ಟೋ ಹೊತ್ತು
ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.
ಪಾಲು ಹಾಲಾದಾಗ, ಪೂವು ಹೂವಾದಾಗ
ಓಲೆಗರಿಯ ಮುಂದೆ ಕಂಟ ಹಿಡಿದು ಕೂತ ಯಾರೋ
ಗೊಣಗುತ್ತಾ ಪಕಾರ ತಿದ್ದಿರಬೇಕು,
ಹೊರಗೆ ಹಾಲಿನವಳು ಕೂಗುತ್ತಲೇ ಇರುವಾಗ.
ತುಟಿ ಕೂಡಿ ಹುಟ್ಟಿದ್ದು ಬರೀ ಉಸಿರಾಯಿತು.
ಉಸಿರೂ ಹೋದರೆ?
ಆಲು.
ದೊಡ್ಡಪ್ಪನ ಮಂಡಿಯಲ್ಲಿ ನಗು ಬಂದೀತು.

ಆ ರಾತ್ರಿ ಇನ್ನೂರ ಹನ್ನೊಂದನ್ನು ಅಳಿಸಿದೆ.
ಒಂದನ್ನು ಬಿಟ್ಟೆ:
ಕಥೆಯ ಕೊನೆಯ ಸೀಟಿನ ಮುದುಕಿ
ತಮ್ಮ ಪಾಲಿನ ಬೆಳಕು ಮುಖಕ್ಕೆ ಸುರಿದಾಗ
ಹಾ ಅನ್ನುತ್ತಾಳೆ.
ಅದಕ್ಕೆ ಜವರಪ್ಪನೂ ತಕರಾರು ಮಾಡಲಿಲ್ಲ.

ಅಚ್ಚಾದ ಮೇಲೆ ಗೌರವಧನ ಮುನ್ನೂರು, ಐದು ಪ್ರತಿ
ನಾನೇ ಒಯ್ದು ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡ,
ಆದರೂ ರಕ್ಷಾಪುಟದ ಮೇಲೆ ಹೆಬ್ಬೆಟ್ಟಿನ ಗ್ರೀಸು.
ಮಾತಿಗೆ ಹೆಚ್ಚೇನೂ ಇರಲಿಲ್ಲ. ಟೀ ಕುಡಿದೆವು.

ವಾಪಸು ಬರುವಾಗ ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರು
ಆಸ್ನ ಆಸ್ನ ಆಸ್ನ ಎಂದು ಕೂಗುತ್ತಿದ್ದ.
ಓಡಿ ಹತ್ತಿ, ಆಧಾರ್ ತೋರಿಸಿ,
ಒಂದು ಆಸ್ನ, ಅಂದೆ.
ಅವನು ತಲೆಯೆತ್ತಲಿಲ್ಲ. ಚೀಟಿ ಹರಿದು ಕೊಟ್ಟ.
ಐನೂರು ವರ್ಷದ ದಾರಿಗೆ ಸೊನ್ನೆ ರೂಪಾಯಿ.
ಕೂರಲು ಮಾತ್ರ ಎಲ್ಲೂ ಜಾಗವಿರಲಿಲ್ಲ.