ತೊಂಬತ್ತು ಹೆಜ್ಜೆ

ಕುವೈತಿನ ಫಹಾಹೀಲ್, ಆಗಸ್ಟ್,
ಅಂಗಡಿಯೆದುರು ನೀಲಿ ಬಳಿದ ಚೌಕ.
ಇಳಿದೆ. ನೆಟ್ಟಗೆ ನಿಂತೆ. ಅದೇ ತಪ್ಪಾಯಿತು.

ಬಿಸಿಲಿಗಿಳಿದ ಕಾಲು
ತೊಂಬತ್ತು ಹೆಜ್ಜೆಯವರೆಗೆ ನನ್ನ ಮಾತು ಕೇಳುತ್ತದೆ,
ಆಮೇಲೆ ಅದು ಯಾರದೋ ಕಾಲು.
ನರದ ಮೇಲಿನ ಸಿಪ್ಪೆ ಅಲ್ಲಲ್ಲಿ ಸುಲಿದಿದೆ,
ಸೆಕೆಗೆ ಕರೆಂಟು ಸರಿಯಾಗಿ ಹರಿಯುವುದಿಲ್ಲ ಎಂದು
ಡಾಕ್ಟರು ತಮ್ಮ ಚಾರ್ಜರಿನ ವೈರು ಹಿಡಿದು ತೋರಿಸಿದ್ದರು.

ಹಿಂದಿನ ಕಾರಿನ ಹಿರಿಯರು ಹಾರನ್ ಒತ್ತಿದರು.
ಗಾಜಿನೊಳಗಿನ ಕಾರ್ಡು ತೋರಿಸಿದೆ.
ಅರಬಿಯಲ್ಲಿ ಬೈದರೆ ಒಂದು ಉತ್ತರ ಉಂಟು ನನ್ನಲ್ಲಿ,
ಹಿಂದಿಗೆ ಎರಡು.
ಅವರು ಫೋನಿಗೆ ಹೇಳಿದ್ದು ಕನ್ನಡದಲ್ಲಿ:
"ಗುಂಡುಕಲ್ಲಿನ ಹಾಗಿದ್ದಾಳೆ ಮಾರಾಯ,
ಯಾರ ಕಾರ್ಡೋ ಏನೋ."

ಹದಿನೇಳು ವರ್ಷ ಊರಿನ ಸ್ವರಕ್ಕೆ ಕಾದ ಕಿವಿ.
ಸಿಕ್ಕಿತು.

ಒಳಗೆ ತಂಪು. ಟ್ರಾಲಿಗೆ ಮೈಭಾರ ಬಿಟ್ಟು
ಕುಚ್ಚಲಕ್ಕಿ, ಬೆಲ್ಲ, ಅರ್ಧ ಕಿಲೋ ಬೂತಾಯಿ.
ಮಸಾಲೆಯ ಸಾಲಿನಲ್ಲಿ ಅವರೇ.
ಪೊಟ್ಟಣ ಮೂಗಿಗೆ ತಾಗಿಸಿ, ದೂರ ಹಿಡಿದು, ಮತ್ತೆ ಮೂಗಿಗೆ.
ನನ್ನ ಗುರುತು ಹತ್ತದೆ ಚಾಚಿದರು:
"ಬೆಹೆನ್, ತಾರೀಕು ಜರಾ..."

ಈ ಕಣ್ಣಿನಲ್ಲೇ ಕಾರು ಓಡಿಸಿದಿರಾ
ಎಂದು ನಾಲಿಗೆ ತುದಿಗೆ ಬಂತು.
ನುಂಗಿದೆ. ನನಗೇನು ಗೊತ್ತು.

"ಮಾರ್ಚ್‌ವರೆಗೆ ಅಡ್ಡಿಯಿಲ್ಲ" ಅಂದೆ,
ಕನ್ನಡದಲ್ಲೇ.
ಚಾಚಿದ ಕೈ ಪೊಟ್ಟಣ ವಾಪಸು ತೆಗೆದುಕೊಳ್ಳಲಿಲ್ಲ.
ಬೆಲ್ಲದ ಪಕ್ಕ ಅದನ್ನಿಟ್ಟು ಮುಂದೆ ನೂಕಿದೆ,
ದುಡ್ಡೂ ನಾನೇ ಕೊಟ್ಟೆ, ಯಾಕೋ.

ಹೊರಗೆ ನಲವತ್ತೆಂಟು ಡಿಗ್ರಿ.
ಟ್ರಾಲಿಗೆ ಮೆಟ್ಟಿಲಿಲ್ಲ, ರ‍್ಯಾಂಪಿನ ಸುತ್ತು ದಾರಿ.
ಎಂಬತ್ತೊಂದು. ಎಂಬತ್ತೆರಡು.
ಕಾರಿನ ಬಾಗಿಲು
ಇನ್ನೂ ಹನ್ನೊಂದು ಹೆಜ್ಜೆ ಆಚೆ.